ಬೀರುವಿನಲ್ಲಿ ನಿಂತುಹೋದ ಬಿಸಿಲು ವಾಚು

ಮೂರು ವರ್ಷದ ಹಿಂದೆ ದೊಡ್ಡಪ್ಪನಿಗೆ ಒಂದು ಕೈಗಡಿಯಾರ ಕೊಟ್ಟಿದ್ದೆ. ಬೆಳಕಿನಿಂದ ನಡೆಯುವಂಥದ್ದು. ಅಂಕಿ ಮಿನುಗುವ ವಾಚಲ್ಲ, ಮುಳ್ಳುಗಳಿರುವುದು. ಜಪಾನಿನ ಮಾಲು. ಕೊಡುವಾಗ ಸ್ವಲ್ಪ ಅಳುಕೇ ಇತ್ತು. ಯಾಕೆಂದರೆ ದೊಡ್ಡಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಾಚು ಜೋಡಿಸಿದವರು. ಅವರ ಎಡಗೈಯ ಮೇಲಿರುವ ಜನತಾ ವಾಚನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅಂಥವರಿಗೆ ವಾಚು ಉಡುಗೊರೆ ಕೊಡುವುದೆಂದರೆ ಅಡುಗೆ ಭಟ್ಟರ ಮನೆಗೆ ಹೋಟೆಲಿನಿಂದ ಪೊಟ್ಟಣ ಕಟ್ಟಿಸಿಕೊಂಡು ಹೋದ ಹಾಗೆ. ಎಂಬತ್ತು ತುಂಬುತ್ತಿತ್ತಲ್ಲ, ಬೇರೇನು ಕೊಡುವುದೆಂದು ಹೊಳೆಯಲಿಲ್ಲ.

ಈ ಸಂಕ್ರಾಂತಿಗೆ ಎಳ್ಳು ಬೆಲ್ಲ ತೆಗೆದುಕೊಂಡು ಅವರ ಮನೆಗೆ ಹೋದಾಗ ಕೇಳಿದೆ, ‘ಆ ವಾಚು ಕಟ್ಟಿಕೊಳ್ಳೋದೇ ಇಲ್ವಾ ದೊಡ್ಡಪ್ಪ?’

‘ಅದಾ? ಜೋಪಾನವಾಗಿ ಇಟ್ಟಿದೀನಿ ಕಣೋ. ಮದುವೆ ಮುಂಜಿಗೆ ಇರಲಿ ಅಂತ.’

ಬೀರುವಿನ ಒಳಲಾಕರಿನಿಂದ ಡಬ್ಬಿ ಹೊರಗೆ ಬಂತು. ಡಬ್ಬಿಗೆ ಹಳೇ ಪಂಚೆಯ ತುಂಡು ಸುತ್ತಿತ್ತು. ಒಳಗೆ ವಾಚು ನಾಲ್ಕು ಐವತ್ತಕ್ಕೆ ನಿಂತಿತ್ತು. ಯಾವ ದಿನದ ನಾಲ್ಕು ಐವತ್ತೋ. ದೊಡ್ಡಪ್ಪ ಅದನ್ನು ಕಿವಿಗೆ ಹಿಡಿದರು, ಅಲ್ಲಾಡಿಸಿದರು, ನನ್ನ ಕಡೆ ನೋಡಿದರು. ‘ಮೂರು ವರ್ಷವೂ ಬರಲಿಲ್ಲ ನೋಡು. ದುಡ್ಡು ದಂಡ.’ ದನಿಯಲ್ಲಿ ಬೇಸರವಿತ್ತು, ಅದರಡಿಯಲ್ಲಿ ಒಂದು ಚೂರು ಸಮಾಧಾನವೂ ಇತ್ತು ಎಂದೇ ನನ್ನ ಗುಮಾನಿ.

ವಾಚು ಕೆಟ್ಟಿರಲಿಲ್ಲ. ಉಪವಾಸ ಬಿದ್ದಿತ್ತು. ಇಂಥ ವಾಚಿನ ಡಯಲ್ಲಿನ ಕೆಳಗೆ ಸೌರಕೋಶವಿರುತ್ತದೆ, ಅದರ ಹಿಂದೆ ಮತ್ತೆ ಮತ್ತೆ ತುಂಬಿಸಬಹುದಾದ ಪುಟ್ಟ ಸೆಲ್ಲು. ಪೂರ್ತಿ ತುಂಬಿದ್ದರೆ ಕತ್ತಲಲ್ಲೂ ಸುಮಾರು ಆರು ತಿಂಗಳು ನಡೆಯುತ್ತದೆಂದು ಕೈಪಿಡಿ ಹೇಳುತ್ತಿತ್ತು. ದೊಡ್ಡಪ್ಪ ಇಟ್ಟದ್ದು ಮೂರು ವರ್ಷ. ಚಿನ್ನವನ್ನು, ರೇಷ್ಮೆ ಸೀರೆಯನ್ನು, ಮನೆ ಪತ್ರವನ್ನು ಕಾಪಾಡಿದ ಹಾಗೆಯೇ ಅವರು ಇದನ್ನೂ ಕಾಪಾಡಿದ್ದರು. ಬೆಲೆಬಾಳುವುದನ್ನು ಕತ್ತಲಲ್ಲಿ ಇಡಬೇಕೆಂಬ ಆ ತಲೆಮಾರಿನ ತಿಳಿವಳಿಕೆ ನೂರು ವಸ್ತುಗಳಿಗೆ ಸರಿ; ಈ ಒಂದಕ್ಕೆ ವಿಷ.

ಕೀ ಕೊಡುವ ವಾಚಿನಿಂದ ಬಿಸಿಲು ವಾಚಿನವರೆಗಿನ ದಾರಿಯಲ್ಲಿ ದೊಡ್ಡಪ್ಪನ ಕಾರ್ಖಾನೆಗೂ ಒಂದು ಜಾಗವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ತಯಾರಿಕೆಗೆ ಇಳಿಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರು. ಜನತಾ ಆ ಕಾಲದ ಕೂಸು. ಹದಿನೇಳು ಜ್ಯುವೆಲ್, ದಿನಕ್ಕೊಮ್ಮೆ ಕೀ. ಅದರೊಳಗಿನ ಯಂತ್ರದ ಮೂಲವೂ ಜಪಾನಿನದೇ. ಅರವತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ ದೊಡ್ಡಪ್ಪ, ಜಪಾನಿಗೆ ಹೋಗಿ ಕಲಿತು ಬಂದಿದ್ದ ಹಿರಿಯರ ಕೈಕೆಳಗೆ ಪಳಗಿದರು. ‘ನಮ್ಮ ಗುರುಗಳ ಗುರುಗಳು ಅವರು’ ಎಂದು ಜಪಾನೀಯರ ಬಗ್ಗೆ ಇವತ್ತಿಗೂ ಹೇಳುತ್ತಾರೆ.

ಆದರೆ ಇಲ್ಲಿ ಶಿಷ್ಯರು ಸ್ಪ್ರಿಂಗು ಸುತ್ತುವುದನ್ನು ಕಲಿಯುತ್ತಿದ್ದಾಗ ಅಲ್ಲಿ ಸ್ಪ್ರಿಂಗನ್ನೇ ತೆಗೆದುಹಾಕುವ ಕೆಲಸ ನಡೆದಿತ್ತು. 1969ರ ಡಿಸೆಂಬರ್ 25ರಂದು ಸೈಕೋ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಬೆಲೆ 4,50,000 ಯೆನ್, ಆಗಿನ ಒಂದು ಸಣ್ಣ ಕಾರಿನ ಹತ್ತಿರಹತ್ತಿರ. ಕ್ವಾರ್ಟ್ಜ್ ಹರಳಿಗೆ ವಿದ್ಯುತ್ ಹರಿಸಿದರೆ ಅದು ಒಂದೇ ಲಯದಲ್ಲಿ ಕಂಪಿಸುತ್ತದೆ. ಇಂದಿನ ಸಾಮಾನ್ಯ ವಾಚಿನಲ್ಲಿ ಸೆಕೆಂಡಿಗೆ 32,768 ಸಲ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಬರುತ್ತದೆ. ಸರ್ಕ್ಯೂಟು ಮಾಡುವುದು ಅಷ್ಟೇ ಕೆಲಸ. ಬಂದ ಆ ಒಂದು ಮಿಡಿತಕ್ಕೆ ಪುಟ್ಟ ಮೋಟಾರು ಸೆಕೆಂಡಿನ ಮುಳ್ಳನ್ನು ಒಂದು ಗೆರೆ ಮುಂದೆ ತಳ್ಳುತ್ತದೆ. ಒಳ್ಳೆಯ ಕೀ ವಾಚು ದಿನಕ್ಕೆ ಕೆಲವು ಸೆಕೆಂಡು ಹೆಚ್ಚುಕಮ್ಮಿ ಆಗುತ್ತಿದ್ದರೆ ಇದು ತಿಂಗಳಿಗೆ ಹದಿನೈದು ಸೆಕೆಂಡಿನೊಳಗೆ ನಿಲ್ಲುತ್ತಿತ್ತು. ಬೆಲೆ ಇಳಿದ ಮೇಲೆ ಸ್ವಿಟ್ಜರ್ಲೆಂಡಿನಂಥ ಸ್ವಿಟ್ಜರ್ಲೆಂಡಿನಲ್ಲೇ ವಾಚು ಕಾರ್ಖಾನೆಗಳು ಸಾಲಾಗಿ ಮುಚ್ಚಿದವು.

ಹೊಸ ವಾಚಿಗೆ ಒಂದು ಕೊರತೆ ಉಳಿದಿತ್ತು. ಸೆಲ್ಲು. ವರ್ಷಕ್ಕೋ ಎರಡು ವರ್ಷಕ್ಕೋ ಬದಲಿಸಬೇಕು. ಅಷ್ಟರಲ್ಲಿ ಬೇರೊಂದು ಕಡೆ ಬೇರೊಂದು ಕತೆ ನಡೆದಿತ್ತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್‌ಸನ್ ಎಂಬ ಮೂವರು ಸಿಲಿಕಾನಿನ ಸೌರಕೋಶ ತೋರಿಸಿದ್ದರು. ಬಿದ್ದ ಬಿಸಿಲಿನ ನೂರರಲ್ಲಿ ಸುಮಾರು ಆರು ಪಾಲನ್ನು ಅದು ವಿದ್ಯುತ್ತಾಗಿಸುತ್ತಿತ್ತು. ದುಬಾರಿಯಾದ್ದರಿಂದ ನೆಲದ ಮೇಲೆ ಗಿರಾಕಿಗಳಿರಲಿಲ್ಲ. 1958ರಲ್ಲಿ ವ್ಯಾನ್‌ಗಾರ್ಡ್ 1 ಉಪಗ್ರಹದ ಜೊತೆ ಅದು ಆಕಾಶಕ್ಕೇ ಹೋಯಿತು. 1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದ ಜಪಾನು ಮರುವರ್ಷವೇ ಹೊಸ ಇಂಧನಗಳ ಸಂಶೋಧನೆಗೆ ದೊಡ್ಡ ಸರ್ಕಾರಿ ಯೋಜನೆ ಹಾಕಿಕೊಂಡಿತು. ಅದಕ್ಕಿಟ್ಟ ಹೆಸರೇ ‘ಸನ್‌ಶೈನ್’. ಅಂಥ ಗಾಳಿ ಬೀಸುತ್ತಿದ್ದ 1976ರಲ್ಲಿ ಸಿಟಿಜನ್ ಕಂಪನಿ, ಮುಳ್ಳುಗಳಿರುವ ಮೊದಲ ಸೌರ ಕೈಗಡಿಯಾರವನ್ನು ಹೊರತಂದಿತು. ಹೆಸರು ಕ್ರಿಸ್ಟ್ರಾನ್ ಸೋಲಾರ್ ಸೆಲ್. ಅಂಕಿ ಬೆಳಗುವ ಸೌರ ವಾಚೊಂದನ್ನು ಅಮೆರಿಕದ ರೋಜರ್ ರೀಲ್ ಅದಕ್ಕೂ ಮೊದಲೇ ಮಾಡಿದ್ದ. ಮುಳ್ಳಿನ ವಾಚಿಗೆ ಇದೇ ಮೊದಲು.

ನೋಡಲು ಅಷ್ಟೇನೂ ಚೆಂದವಿರಲಿಲ್ಲ. ಸೌರಕೋಶದ ಫಲಕಗಳು ಮುಖದ ಮೇಲೇ ಎದ್ದು ಕಾಣುತ್ತಿದ್ದವು. ಮುಂದಿನ ಇಪ್ಪತ್ತು ವರ್ಷದ ದುಡಿಮೆಯೆಲ್ಲ ಎರಡು ಕಡೆ ಹೋಯಿತೆನ್ನಬಹುದು. ಒಂದು, ಕೋಶವನ್ನು ಮರೆಮಾಡುವುದು. ಡಯಲ್ಲು ಕಣ್ಣಿಗೆ ಗಟ್ಟಿ ತಟ್ಟೆಯಂತೆ ಕಾಣಬೇಕು, ಬೆಳಕಿಗೆ ಮಾತ್ರ ಮಲ್ಲಿನ ಬಟ್ಟೆಯಂತೆ ಇರಬೇಕು. ಇನ್ನೊಂದು, ರಾತ್ರಿಗೆ ಕೂಡಿಡುವುದು. 1995ರಲ್ಲಿ ಅದೇ ಕಂಪನಿ ತಂದ ಇಕೋ ಡ್ರೈವ್ ವಾಚುಗಳಲ್ಲಿ ಲಿಥಿಯಂ ಅಯಾನ್ ಸೆಲ್ಲು ಬಂತು, ಒಮ್ಮೆ ತುಂಬಿದರೆ ತಿಂಗಳುಗಟ್ಟಲೆ ನಡೆಯುವುದು ಸಾಧ್ಯವಾಯಿತು.

ಅಷ್ಟು ಹೊತ್ತಿಗೆ ಜಾಲಹಳ್ಳಿಯ ಕತೆ ಇಳಿಜಾರಿನಲ್ಲಿತ್ತು. ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತೇ ಇರಲಿಲ್ಲ ಎನ್ನುವವರಿದ್ದಾರೆ, ಅದು ತಪ್ಪು. ಎಂಬತ್ತರ ದಶಕದ ಆರಂಭದಲ್ಲೇ ಅವರೂ ಕ್ವಾರ್ಟ್ಜ್ ಮಾಡಿದ್ದರು. ಮಾಡಿ, ಕೀ ವಾಚನ್ನೇ ನೆಚ್ಚಿಕೊಂಡರು. ಹೊಸೂರಿನ ಟೈಟಾನ್ ಕ್ವಾರ್ಟ್ಜನ್ನೇ ಬಂಡವಾಳ ಮಾಡಿಕೊಂಡು ಪೇಟೆಗೆ ಬಂತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ದಿನ ದೊಡ್ಡಪ್ಪ ಪೇಪರನ್ನು ಮಡಿಸಿಟ್ಟು ಜನತಾಗೆ ಕೀ ಕೊಟ್ಟರು ಎಂದು ದೊಡ್ಡಮ್ಮ ಹೇಳುತ್ತಾರೆ. ಅದು ಅವರು ಕೀ ಕೊಡುವ ಹೊತ್ತೇ ಆಗಿತ್ತು. ಅದಕ್ಕೆ ಅರ್ಥ ಹಚ್ಚುವುದು ಬೇಡ.

ನಿಂತ ವಾಚನ್ನು ಹಿತ್ತಲ ಕಟ್ಟೆಯ ಮೇಲಿಟ್ಟೆ. ಎಳೆಬಿಸಿಲು. ಬಿಸಿಲು ವಾಚೆಂದು ಕಾದ ಸಿಮೆಂಟಿನ ಮೇಲೆ ಮಧ್ಯಾಹ್ನವಿಡೀ ಬಿಡುವ ಹಾಗಿಲ್ಲ, ಕಾರಿನ ಗಾಜಿನ ಹಿಂದೆ ಇಡುವ ಹಾಗೂ ಇಲ್ಲ. ಅದಕ್ಕೆ ಬೇಕಾದ್ದು ಬೆಳಕು; ಬಿಸಿ ಅದಕ್ಕೂ ಶತ್ರುವೇ. ನಮ್ಮ ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಟ್ಯೂಬ್‌ಲೈಟಿನ ಕೋಣೆ ನಮಗೆ ಸಾಕಷ್ಟು ಬೆಳಕಾಗಿಯೇ ಕಾಣುತ್ತದಲ್ಲ, ಅಲ್ಲಿರುವುದು ಕೆಲವು ನೂರು ಲಕ್ಸ್ ಅಷ್ಟೇ. ಹೊರಗೆ ಬೇಸಿಗೆ ಬಿಸಿಲಿನಲ್ಲಿ 1,00,000 ಲಕ್ಸ್. ಒಂದು ದಿನ ನಡೆಯಲು ಬೇಕಾದ ಶಕ್ತಿಯನ್ನು ವಾಚು ಬಿಸಿಲಿನಲ್ಲಿ ಕೆಲವೇ ನಿಮಿಷದಲ್ಲಿ ಗಳಿಸಿದರೆ ಕೋಣೆಯೊಳಗೆ ಗಂಟೆಗಟ್ಟಲೆ ಕಾಯಬೇಕು. ತುಂಬುತೋಳಿನ ಅಂಗಿಯವರ ವಾಚು ನಿಲ್ಲುವುದು ಹೀಗೆಯೇ. ಅಂಗಡಿಗೆ ಒಯ್ದು ಮಾಮೂಲಿ ಸೆಲ್ಲು ಹಾಕಿಸುವವರೂ ಉಂಟು. ಅದನ್ನು ಮಾತ್ರ ಮಾಡಬಾರದು. ತುಂಬಿಸಲಾಗದ ಸೆಲ್ಲಿಗೆ ಸೌರಕೋಶ ತುಂಬುತ್ತಲೇ ಹೋದರೆ ಅದು ಒಡೆಯಲೂಬಹುದು.

ಸ್ವಲ್ಪ ಹೊತ್ತಿಗೆ ಸೆಕೆಂಡಿನ ಮುಳ್ಳು ಅಲುಗಿತು. ಒಂದೊಂದೇ ಗೆರೆ ಹೋಗುವ ಬದಲು ಎರಡು ಸೆಕೆಂಡು ಸುಮ್ಮನಿದ್ದು ಎರಡು ಗೆರೆ ಹಾರುತ್ತಿತ್ತು.

‘ಕುಂಟುತ್ತಲ್ಲೋ ಇದು’ ಎಂದರು ದೊಡ್ಡಪ್ಪ.

‘ಕುಂಟ್ತಿಲ್ಲ ದೊಡ್ಡಪ್ಪ, ಹಸಿವು ಅಂತ ಹೇಳ್ತಿದೆ. ಹೊಟ್ಟೆ ತುಂಬಿದ ಮೇಲೆ ಸರಿಯಾಗಿ ನಡೆಯುತ್ತೆ.’

ಅವರು ಮೊದಲ ಸಲ ವಾಚನ್ನು ಕೈಗೆತ್ತಿಕೊಂಡು ಕನ್ನಡಕ ಹಣೆಗೇರಿಸಿ ನೋಡಿದರು. ಹಸಿವಾದಾಗ ಹೇಳುವ ಯಂತ್ರ ಅವರಿಗೆ ಹಿಡಿಸಿತು. ಒಳಗೆ ಗಾಲಿಗಳಿವೆಯೋ ಎಂದು ಕೇಳಿದರು. ಇವೆ ಎಂದೆ. ಜನತಾದಲ್ಲಿ ಸ್ಪ್ರಿಂಗಿನ ಬಲ ನಿಧಾನದ ದೊಡ್ಡ ಗಾಲಿಯಿಂದ ಹೊರಟು ಚುರುಕಿನ ಸಣ್ಣ ಗಾಲಿಯ ಕಡೆ ಹೋಗುತ್ತದೆ. ಇಲ್ಲಿ ಮೋಟಾರು ಚುರುಕಿನ ಗಾಲಿಯನ್ನು ತಿರುಗಿಸಿ ಅಲ್ಲಿಂದ ನಿಧಾನದ ಗಾಲಿಗಳಿಗೆ ಬರುತ್ತದೆ. ‘ಹೊಳೆ ಉಲ್ಟಾ ಹರಿಯುತ್ತೆ ಅನ್ನು’ ಎಂದರು.

ಟೈಮು ಹಚ್ಚಲು ನಾನು ಕೈಪಿಡಿ ಬಿಡಿಸಿ ಕೂತೆ. ಪಕ್ಕದ ಕೀಯನ್ನು ಒಂದು ಹಂತ ಎಳೆದರೆ ತಾರೀಖು, ಎರಡನೇ ಹಂತಕ್ಕೆ ಎಳೆದರೆ ಮುಳ್ಳುಗಳು. ರಾತ್ರಿ ಒಂಬತ್ತರಿಂದ ಒಂದು ಗಂಟೆಯ ನಡುವೆ ತಾರೀಖು ತಿರುಗಿಸಬಾರದು ಎಂದು ಓದುತ್ತಿದ್ದೆ. ‘ಗೊತ್ತು ಬಿಡು’ ಎಂದರು. ‘ಆಗ ಹಲ್ಲಿಗೆ ಹಲ್ಲು ಸಿಕ್ಕಿರುತ್ತೆ. ಬಲವಂತ ಮಾಡಿದ್ರೆ ಮುರಿಯುತ್ತೆ. ನಮ್ಮ ಡೇ-ಡೇಟ್ ವಾಚಲ್ಲೂ ಅದೇ.’ ಆಮೇಲೆ ವಾಚು ಅವರ ಕೈಯಲ್ಲೇ ಉಳಿಯಿತು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದಾಗ ಕೀ ಎಳೆದು ನಿಲ್ಲಿಸಿದರು. ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ, ಹನ್ನೆರಡು ದಾಟುವಾಗ ತಾರೀಖು ಬದಲಾಯಿತೇ ಎಂದು ನೋಡಿ ಹಗಲು ರಾತ್ರಿ ಗುರುತಿಸಿಕೊಂಡರು. ನಿಮಿಷದ ಮುಳ್ಳನ್ನು ಬೇಕಾದ ಜಾಗಕ್ಕಿಂತ ನಾಲ್ಕೈದು ನಿಮಿಷ ಮುಂದೆ ಒಯ್ದು ಮೆಲ್ಲಗೆ ಹಿಂದಕ್ಕೆ ತಂದು ಕೂರಿಸಿದರು. ಗಾಲಿಗಳ ನಡುವಿನ ಸಡಿಲ ಹೋಗಲೆಂದು ಇಂಥ ವಾಚುಗಳಿಗೆ ಹೇಳುವ ಕ್ರಮವೂ ಇದೇ. ಅವರು ಯಾವ ಪುಸ್ತಕವನ್ನೂ ನೋಡಿರಲಿಲ್ಲ.

ಕೀ ಒತ್ತಲು ಮುಹೂರ್ತ ಬೇಕಿತ್ತು. ಹಿಂದೆಲ್ಲ ಆಕಾಶವಾಣಿಯ ವಾರ್ತೆಗೆ ಮುಂಚಿನ ಬೀಪ್ ಶಬ್ದಕ್ಕೆ ಕಾರ್ಮಿಕರ ಬಡಾವಣೆಯ ಮನೆಮನೆಯಲ್ಲೂ ಕೀ ಒತ್ತುತ್ತಿದ್ದರಂತೆ. ಈಗ ನನ್ನ ಫೋನು ನೋಡಿ ‘ಈಗ’ ಎಂದೆ, ಒತ್ತಿದರು.

ಊಟದ ಹೊತ್ತಿಗೆ ಹೊಸ ತಕರಾರು. ಹಿತ್ತಲ ಬಟ್ಟೆ ಒಣಹಾಕುವ ಕಂಬದ ನೆರಳು ಇನ್ನೂ ಪಡುವಣಕ್ಕೇ ವಾಲಿದೆ, ವಾಚು ಹನ್ನೆರಡು ಹತ್ತು ತೋರಿಸುತ್ತಿದೆ. ‘ಬಿಸಿಲು ತಿನ್ನುತ್ತೆ ಅಂತೀಯ, ಸೂರ್ಯನ ಮಾತೇ ಕೇಳಲ್ವಲ್ಲ!’ ಮಾತು ನಿಜ. 1906ರಿಂದ ನಮ್ಮ ಭಾರತೀಯ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಬೆಂಗಳೂರು ಅದಕ್ಕಿಂತ ಪಡುವಣಕ್ಕೆ ಸುಮಾರು ಐದು ಡಿಗ್ರಿ ದೂರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಇಪ್ಪತ್ತು ನಿಮಿಷ ತಡ. ಅದರ ಮೇಲೆ ಭೂಮಿಯ ದಾರಿ ಪೂರ್ತಿ ದುಂಡಗಿಲ್ಲದ್ದಕ್ಕೆ, ಅದರ ಅಕ್ಷ ವಾಲಿರುವುದಕ್ಕೆ ಋತುವಿನ ಲೆಕ್ಕ ಬೇರೆ. ನವೆಂಬರ್ ಮೊದಲ ವಾರ ಬೆಂಗಳೂರಿನ ನಡುಹಗಲು ಹನ್ನೆರಡು ಮೂರಕ್ಕೇ ಬರುತ್ತದೆ, ಫೆಬ್ರವರಿ ನಡುವೆ ಹನ್ನೆರಡು ಮೂವತ್ನಾಲ್ಕಕ್ಕೆ. ಸಂಕ್ರಾಂತಿಗೆ ಹನ್ನೆರಡು ಇಪ್ಪತ್ತೊಂಬತ್ತರ ಆಸುಪಾಸು. ನಾವಿಬ್ಬರೂ ತಟ್ಟೆ ಹಿಡಿದು ಹಿತ್ತಲಲ್ಲೇ ಕೂತು ನೋಡಿದೆವು. ಹನ್ನೆರಡೂವರೆಯ ಹೊತ್ತಿಗೆ ಕಂಬದ ನೆರಳು ನೇರ ಬಡಗಣಕ್ಕೆ ಬಂತು. ದೊಡ್ಡಮ್ಮ, ಪೊಂಗಲ್ ಆರಿಹೋಗುತ್ತೆ ಎಂದು ಬೈದರು.

ಹೊರಡುವಾಗ ಹೇಳಿದೆ, ‘ಇನ್ನು ಬೀರುವಿನಲ್ಲಿ ಇಡಬೇಡಿ ದೊಡ್ಡಪ್ಪ, ಕಿಟಕಿ ಹತ್ತಿರ ಇಟ್ಟರೂ ಸಾಕು.’ ಕೈಗೆ ಕಟ್ಟಿಕೊಳ್ಳಿ ಎನ್ನಲಿಲ್ಲ. ಆ ಜಾಗ ಖಾಲಿಯಿಲ್ಲ ಎಂದು ನನಗೂ ಗೊತ್ತು.

ಸೆಲ್ಲಿನ ವಾಚು ನಮ್ಮಿಂದ ದಿನನಿತ್ಯದ ಯಾವ ಸೇವೆಯನ್ನೂ ಕೇಳುವುದಿಲ್ಲ. ಬಿಸಿಲು ವಾಚು ಇನ್ನೂ ಸೋಮಾರಿಗಳ ವಸ್ತು ಎಂದುಕೊಂಡಿದ್ದೆ. ದೊಡ್ಡಪ್ಪ ಅದಕ್ಕೂ ಒಂದು ನಿತ್ಯಕರ್ಮ ಹುಡುಕಿಕೊಂಡಿದ್ದಾರೆ. ಬೆಳಿಗ್ಗೆ ಕಾಫಿ ಆದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಅದನ್ನು ಬೆಳಕಿಗೆ ಮುಖ ಮಾಡಿ ಇಟ್ಟು, ಅದರ ಪಕ್ಕ ನಿಂತು ಜನತಾಗೆ ಕೀ ಕೊಡುತ್ತಾರೆ. ಎರಡನ್ನೂ ಹೋಲಿಸಿ ಕ್ಯಾಲೆಂಡರಿನ ಮೂಲೆಯಲ್ಲಿ ವ್ಯತ್ಯಾಸ ಬರೆದಿಡುತ್ತಾರೆ. ಹೋದ ಭಾನುವಾರ ಫೋನು ಮಾಡಿದಾಗ ಆರೋಗ್ಯ ವಿಚಾರಿಸುವ ಮೊದಲೇ ಶುರು ಮಾಡಿದರು:

‘ಬೆಳಗಿಂದ ಮೋಡ ಕಣೋ ಇಲ್ಲಿ. ನಿನ್ನ ವಾಚಿಗೆ ಅರ್ಧ ಗಂಟೆ ಜಾಸ್ತಿ ಕೀ ಕೊಟ್ಟಿದೀನಿ.’