ಹುಲಿಹಾಲು ಕುಡಿದ ಮನೆತನ

ಬೆಳಗುತ್ತಿಯನ್ನು ಆಳಿದ ಸಿಂದ ಮನೆತನವನ್ನು ಶಾಸನ ಸಂಪುಟಗಳಲ್ಲಿ ಹುಡುಕಲು ಕೂತಾಗ ಮೊದಲು ತಪ್ಪಿದ್ದು ವಿಳಾಸ. ಊರು ಈಗ ನ್ಯಾಮತಿ ತಾಲ್ಲೂಕು; ಮೊನ್ನೆ ಮೊನ್ನೆಯವರೆಗೂ ಹೊನ್ನಾಳಿ. ಜಿಲ್ಲೆ ದಾವಣಗೆರೆ, ಅದೂ 1997ರಿಂದ. ಇದೇ ಜಿಲ್ಲೆಯ ಜಗಳೂರಿನ ಶಾಸನಗಳು ಚಿತ್ರದುರ್ಗದ ಸಂಪುಟದಲ್ಲಿರುವಾಗ ಹೊನ್ನಾಳಿಯದೂ ಅಲ್ಲೇ ಇರಬೇಕೆಂದು ಒಂದು ಮಧ್ಯಾಹ್ನವೆಲ್ಲ ಅದನ್ನೇ ತಿರುವಿಹಾಕಿದೆ. ಇದ್ದದ್ದು ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ, ಶಿವಮೊಗ್ಗದ ಲೆಕ್ಕದಲ್ಲಿ. ಹೊನ್ನಾಳಿ, ಚನ್ನಗಿರಿ ಎರಡೂ ಆಗ ಆ ಜಿಲ್ಲೆಯವೇ.

ಆಮೇಲೆ ಹೆಸರು ಕೈಕೊಟ್ಟಿತು. ಹೊಯ್ಸಳ ವಿಷ್ಣುವರ್ಧನನನ್ನು ಸೋಲಿಸಿದೆನೆಂದು ಹೇಳಿಕೊಂಡ ಪೆರ್ಮಾಡಿ ಎಂಬ ಸಿಂದ ಸಿಕ್ಕಾಗ, ನಮ್ಮ ಕಡೆಯವನೇ ಎಂದು ಹಿಗ್ಗಿದೆ. ಅವನು ಎರಂಬರಗೆಯವನು, ಅಂದರೆ ಇಂದಿನ ಯಲಬುರ್ಗದವನು. ಸಿಂದರು ಒಂದೇ ಬೇರಿನ ಹಲವು ಟಿಸಿಲು. ಬೆಳಗುತ್ತಿಯದು, ಶಾಸನಗಳ ಬೆಳಗವತ್ತಿಯದು, ಅದರಲ್ಲೊಂದು. ಇವರಿಗಿದ್ದದ್ದು ಎಡವಟ್ಟೆ ಎಪ್ಪತ್ತು ಎಂಬ ಪುಟ್ಟ ನಾಡು. ಮೇಲಿನ ದೊರೆಗಳು ಬದಲಾಗುತ್ತಲೇ ಇದ್ದರು: ಚಾಳುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು.

ನನ್ನನ್ನು ಹಿಡಿದು ಕೂರಿಸಿದ್ದು ಅವರ ಹುಟ್ಟಿನ ಕಥೆ. ಹೊನ್ನಾಳಿ ಸೀಮೆಯ ಶಾಸನಗಳಲ್ಲಿ ಮೂಲಪುರುಷ ಶಿವನಿಗೂ ಸಿಂಧುವಿಗೂ ಹುಟ್ಟಿದ ಸೈಂಧವ. ಕಾವಲಿಗೆ ನಾಗರಾಜ, ಶೌರ್ಯ ಬರಲೆಂದು ಹುಲಿಯ ಹಾಲು. ಬಾಗಲಕೋಟೆ ಕಡೆಯ ಭೈರನಮಟ್ಟಿ ಶಾಸನ ತೆಗೆದರೆ ಅಪ್ಪನೇ ಬೇರೆ: ಅಹಿಚ್ಛತ್ರದಲ್ಲಿ ನಾಗರಾಜ ಧರಣೇಂದ್ರನ ಮಗನಾಗಿ ಹುಟ್ಟಿದವನು ಸಿಂದ. ಅಲ್ಲಿ ಜನಕನಾದ ಹಾವು ಇಲ್ಲಿ ಬರೀ ಕಾವಲುಗಾರ! ಹುಲಿಹಾಲು ಮಾತ್ರ ಎರಡೂ ಕಡೆ ಇದೆ.

ಈ ವ್ಯತ್ಯಾಸ ಕಲ್ಲು ಕೊರೆದವನ ತಪ್ಪೆಂದು ನನಗನ್ನಿಸುವುದಿಲ್ಲ. ಒಡೆಯರನ್ನು ಬದಲಿಸುತ್ತಾ ಬದುಕಬೇಕಾದ ಮನೆತನಕ್ಕೆ ಯಾವ ಒಡೆಯನೂ ಕೊಡದ, ಕಸಿಯಲೂ ಆಗದ ಒಂದು ಹುಟ್ಟು ಬೇಕಿತ್ತು. ಶಿವನ ಹೆಸರು ಹತ್ತಿದರೆ ಇನ್ನೂ ಮೇಲು.

ಊರಿನ ಬಿರುದೂ ಹಾಗೇ. ಕರಹಾಟ ತಮ್ಮ ಪಟ್ಟಣವೆಂದು ಬರೆಸುತ್ತಾರೆ. ಅದು ಈಗಿನ ಸಾತಾರಾ ಜಿಲ್ಲೆಯ ಕರಾಡ, ಕೃಷ್ಣೆ ಕೊಯ್ನೆಯರು ಕೂಡುವ ಜಾಗ. ಆದರೆ ಅವರು ದತ್ತಿ ಬಿಟ್ಟ ಗದ್ದೆಗಳೆಲ್ಲ ಇಲ್ಲೇ, ತುಂಗಭದ್ರೆಯ ಈ ಸೀಮೆಯಲ್ಲಿ.