ಭೂಮಿ (ಪಹಣಿ ಗಣಕೀಕರಣ ಯೋಜನೆ)

ಭೂಮಿ ಎಂಬುದು ಕರ್ನಾಟಕದ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, ಅವುಗಳ ವಿತರಣೆಯನ್ನೂ ಖಾತೆ ಬದಲಾವಣೆಯನ್ನೂ ಗಣಕದ ಮೂಲಕವೇ ನಡೆಸಲು ಕಂದಾಯ ಇಲಾಖೆಯು ರೂಪಿಸಿದ ಯೋಜನೆ. ಇದರ ತಂತ್ರಾಂಶವನ್ನು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಸಿದ್ಧಪಡಿಸಿತು. ಅನುಷ್ಠಾನದ ಹೊಣೆಯನ್ನು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ವಹಿಸಿದ್ದರು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳು ಗಣಕಕ್ಕೆ ಸೇರಿದವು.

ಹಿನ್ನೆಲೆ

ಪಹಣಿಯಲ್ಲಿ (ಉತ್ತರ ಕರ್ನಾಟಕದಲ್ಲಿ ಉತಾರ) ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ಬಗೆ, ಒಡೆಯನ ಹೆಸರು, ಬೆಳೆ, ಸಾಲದ ಋಣಭಾರ ಮುಂತಾದ ವಿವರಗಳಿರುತ್ತವೆ. ಬೆಳೆಸಾಲಕ್ಕೂ ಜಮೀನು ಮಾರಾಟಕ್ಕೂ ನ್ಯಾಯಾಲಯದ ವ್ಯಾಜ್ಯಕ್ಕೂ ಇದೇ ಆಧಾರ. ಹಿಂದೆ ಊರಿನ ಲೆಕ್ಕಪತ್ರಗಳು ವಂಶಪಾರಂಪರ್ಯವಾಗಿ ಶಾನುಭೋಗರ, ಕುಲಕರ್ಣಿಗಳ ಕೈಯಲ್ಲಿದ್ದವು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯ ನಂತರ ಆ ಸ್ಥಾನಕ್ಕೆ ವೇತನ ಪಡೆಯುವ ಗ್ರಾಮ ಲೆಕ್ಕಿಗರು ಬಂದರು. ಆದರೆ ಪುಸ್ತಕ ಒಬ್ಬನ ಬಳಿಯೇ ಉಳಿಯಿತು. ಸುಮಾರು 9,000 ಲೆಕ್ಕಿಗರ ಪೈಕಿ ತನ್ನೂರಿನವನನ್ನು ಹುಡುಕಿ ಹಿಡಿಯುವುದೇ ರೈತನಿಗೆ ಒಂದು ಕೆಲಸವಾಗಿತ್ತು. ಕೈಬರಹವನ್ನು ತಿದ್ದುವುದೂ ಕಷ್ಟವಿರಲಿಲ್ಲ.

ಕಾರ್ಯವಿಧಾನ

ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ದೊರೆಯುತ್ತಿತ್ತು. ಗಣಕೀಕರಣ ಮುಗಿದ ಕಡೆ ಕೈಬರಹದ ಪ್ರತಿಗೆ ಮಾನ್ಯತೆಯನ್ನು ರದ್ದುಪಡಿಸಿದ್ದು ಯೋಜನೆಯ ದಿಟ್ಟ ಹೆಜ್ಜೆ. ಎರಡೂ ಏಕಕಾಲಕ್ಕೆ ಚಾಲ್ತಿಯಲ್ಲಿದ್ದರೆ ಹಳೆಯ ಪುಸ್ತಕವೇ ಗೆಲ್ಲುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶ ಕಟ್ಟುಪಾಡು ವಿಧಿಸಿತು. ಸಿಬ್ಬಂದಿಯು ಬೆರಳಚ್ಚು ನೀಡಿಯೇ ಕೆಲಸ ಆರಂಭಿಸಬೇಕಾದ್ದರಿಂದ, ಯಾವ ನಮೂದನ್ನು ಯಾರು ಮಾಡಿದರೆಂಬುದು ದಾಖಲಾಗತೊಡಗಿತು. ಮುಂದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದೊಡನೆ ಸಂಪರ್ಕ ಏರ್ಪಟ್ಟು, ಕ್ರಯಪತ್ರದ ಮಾಹಿತಿ ಉಪನೋಂದಣಾಧಿಕಾರಿಯ ಕಚೇರಿಯಿಂದ ನೇರವಾಗಿ ತಾಲ್ಲೂಕಿಗೆ ಬರುವಂತಾಯಿತು.

ಪರಿಣಾಮ

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನದಲ್ಲಿ, ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಟ್ಟೆವೆಂದವರು ಶೇ. 66, ಭೂಮಿ ಕೇಂದ್ರಗಳಲ್ಲಿ ಶೇ. 3. ಗ್ರಾಮ ಲೆಕ್ಕಿಗರ ಹುದ್ದೆ ಹೋಗಲಿಲ್ಲ, ಪಹಣಿ ಕೊಡುವ ಅಧಿಕಾರ ಹೋಯಿತು. ಬೆಳೆ ನಮೂದು, ಸ್ಥಳ ಪರಿಶೀಲನೆಯಂಥ ಕೆಲಸ ಉಳಿಯಿತು. ಊರಲ್ಲೇ ಮುಗಿಯಬಹುದಾಗಿದ್ದ ವ್ಯವಹಾರಕ್ಕೆ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತಬೇಕಾಯಿತು. ನಾಡಕಚೇರಿಗಳಲ್ಲೂ ಅಂತರ್ಜಾಲದಲ್ಲೂ ಪಹಣಿ ಸಿಗತೊಡಗಿದ ಮೇಲೆ ಈ ತೊಂದರೆ ತಗ್ಗಿತು.

ಹೆಚ್ಚು ಗಂಭೀರವಾದದ್ದು ತಪ್ಪುಗಳ ಪ್ರಶ್ನೆ. ಗಣಕವು ತನಗೆ ಕೊಟ್ಟದ್ದನ್ನೇ ಮುದ್ರಿಸುತ್ತದೆ. ಹಳೆಯ ಪುಸ್ತಕದ ತಪ್ಪು ವಿಸ್ತೀರ್ಣ, ತೀರಿಹೋದ ಅಜ್ಜನ ಹೆಸರು, ಬೆರಳಚ್ಚುಗಾರನ ಕೈಯಲ್ಲಿ ತಿಮ್ಮಣ್ಣನಾದ ತಿಮ್ಮಯ್ಯ ಎಲ್ಲವೂ ಮುದ್ರಿತ ಪಹಣಿಯಲ್ಲಿ ಅಧಿಕೃತವಾದವು. ಅಕ್ಷರವೊಂದನ್ನು ಸರಿಪಡಿಸಲೂ ಮೇಲಧಿಕಾರಿಯ ಆದೇಶ ಬೇಕಾದ್ದರಿಂದ, ಹೆಸರು ಹೊಂದದ ರೈತನಿಗೆ ಬ್ಯಾಂಕಿನ ಸಾಲ ತಡವಾಗುತ್ತದೆ. ಪಹಣಿಯ 9ನೆಯ ಅಂಕಣ ಒಡೆಯನದು, 12ನೆಯದು ಸಾಗುವಳಿದಾರನದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರ ಹಕ್ಕು ಸಾಬೀತಿಗೆ ಸಾಗುವಳಿದಾರರ ಅಂಕಣ ಮುಖ್ಯ ಸಾಕ್ಷ್ಯವಾಗಿತ್ತು. ಬಾಯಿಮಾತಿನ ಕರಾರಿನ ಮೇಲೆ ಉಳುವವರ, ಮಂಜೂರಾತಿ ದೊರೆಯದ ಬಗರ್ ಹುಕುಂ ಸಾಗುವಳಿದಾರರ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಗಣಕದಲ್ಲೂ ಬರಲಿಲ್ಲ. ಬೆಂಗಳೂರಿನ ಸುತ್ತಮುತ್ತ, ದಾಖಲೆ ಕೇಂದ್ರೀಕೃತವಾದುದರಿಂದ ಸಣ್ಣ ಹಿಡುವಳಿದಾರರಿಗಿಂತ ದೊಡ್ಡ ಖರೀದಿದಾರರಿಗೇ ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು.