ಧ್ವನಿಮುದ್ರಣ ಶಿಕ್ಷಣದ ಎರಡು ತವರುಗಳು

ಶಾಸನಗಳನ್ನು ವ್ಯಾಸಂಗ ಮಾಡುವವರಿಗೆ ಒಂದು ಸಂಗತಿ ಸುಪರಿಚಿತವಾದುದು. ಪಾಠವನ್ನು ರಚಿಸಿದವನು ಒಬ್ಬ, ಅದನ್ನು ಕಲ್ಲಿನಲ್ಲಿ ಕಂಡರಿಸಿದವನು ಮತ್ತೊಬ್ಬ. ಕಂಡರಿಸಿದ ರೂವಾರಿಗೆ ಭಾಷೆಯ ತಿಳಿವು ಸಾಲದಿದ್ದರೆ ಪಾಠವು ಕೆಡುತ್ತದೆ. ಇಪ್ಪತ್ತನೆಯ ಶತಮಾನದ ಸಂಗೀತವನ್ನು ಕುರಿತು ನಮಗಿರುವ ಆಕರಗಳಲ್ಲಿ ಧ್ವನಿಮುದ್ರಣಗಳು ಬಹು ಮುಖ್ಯವಾದುವು. ಇವುಗಳಿಗೂ ರೂವಾರಿಗಳುಂಟು. ಅವರನ್ನು ಸಿದ್ಧಗೊಳಿಸುವ ಹೊಣೆ ಸಂಗೀತಶಾಲೆಯದೋ ತಾಂತ್ರಿಕ ಶಾಲೆಯದೋ ಎಂಬ ಪ್ರಶ್ನೆ ಹೇಗೆ ಹುಟ್ಟಿತು, ಅದಕ್ಕೆ ದೊರೆತ ಉತ್ತರಗಳಾವುವು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

೧೯೨೫ಕ್ಕೆ ಮುಂಚೆ ಗಾಯಕರೂ ವಾದಕರೂ ಅಗಲಬಾಯಿಯ ಕೊಳವೆಯೊಂದರ ಮುಂದೆ ಒತ್ತಾಗಿ ನಿಂತು ಹಾಡಬೇಕಾಗಿದ್ದಿತು. ಯಾವ ವಾದ್ಯ ಎಷ್ಟು ಕೇಳಬೇಕೆಂಬುದು ಬಹುಮಟ್ಟಿಗೆ ಅವರು ನಿಂತ ದೂರವನ್ನು ಅವಲಂಬಿಸಿದ್ದಿತು. ಆ ವರ್ಷ ವಿದ್ಯುತ್ ಧ್ವನಿಮುದ್ರಣವು ಬಳಕೆಗೆ ಬಂದುದರಿಂದ ಈ ಸ್ಥಿತಿ ಬದಲಾಯಿತು. ಮೈಕ್ರೊಫೋನನ್ನು ಎಲ್ಲಿಡಬೇಕು, ಯಾವ ಧ್ವನಿಯನ್ನು ಏರಿಸಬೇಕು, ಯಾವುದನ್ನು ತಗ್ಗಿಸಬೇಕು ಎಂಬ ನಿರ್ಣಯಗಳು ಯಂತ್ರದ ಬಳಿ ಕುಳಿತವನ ಕೈಗೆ ಬಂದುವು. ಇವು ನೋಡುವುದಕ್ಕೆ ಯಂತ್ರದ ನಿರ್ಣಯಗಳು. ವಸ್ತುತಃ ಸಂಗೀತದ ನಿರ್ಣಯಗಳು.

ಈ ಸತ್ಯವನ್ನು ಮೊದಲು ಮನಗಂಡ ಸಂಸ್ಥೆಗಳಲ್ಲಿ ಬರ್ಲಿನ್ನಿನ ಸಂಗೀತ ಮಹಾಶಾಲೆ ಒಂದು. ೧೯೨೮ರಲ್ಲಿ ಅಲ್ಲಿ ರೇಡಿಯೋ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ಇಂಜಿನಿಯರ್ ಟ್ರೌಟ್‌ವೈನ್ ೧೯೩೦ರಲ್ಲಿ ಟ್ರೌಟೋನಿಯಂ ಎಂಬ ವಿದ್ಯುತ್ ವಾದ್ಯವನ್ನು ಬೆಳಕಿಗೆ ತಂದುದೂ, ವಾಗ್ಗೇಯಕಾರ ಹಿಂಡೆಮಿತ್ ಅದಕ್ಕಾಗಿ ಕೃತಿಗಳನ್ನು ರಚಿಸಿದುದೂ ಈ ಸಂಸ್ಥೆಯ ಆಶ್ರಯದಲ್ಲಿಯೇ. ಆದರೆ ನಾಜಿ ಆಡಳಿತದಲ್ಲಿ, ೧೯೩೫ರಲ್ಲಿ, ಪ್ರಯೋಗಶಾಲೆ ಮುಚ್ಚಿಹೋಯಿತು. ಅದೇ ವರ್ಷ ಅದೇ ನಗರದ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಎಂಬ ಟೇಪ್ ಯಂತ್ರವು ಜನರ ಮುಂದೆ ಬಂದುದು ವಿಧಿಯ ವಿಚಿತ್ರವೆನ್ನಬೇಕು. ಟೇಪನ್ನು ಕತ್ತರಿಸಿ ಜೋಡಿಸಬಹುದು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಸಂಗೀತವನ್ನು ಬಲ್ಲವನೇ ಬೇಕು. ಹೀಗೆ ಹೊಸ ಯಂತ್ರವು ಹಳೆಯ ಪ್ರಶ್ನೆಯನ್ನು ಮತ್ತಷ್ಟು ತೀಕ್ಷ್ಣಗೊಳಿಸಿತು.

೧೯೪೬ರಲ್ಲಿ ವಾಗ್ಗೇಯಕಾರ ಆರ್ನಾಲ್ಡ್ ಷೋನ್‌ಬರ್ಗ್ ಷಿಕಾಗೋ ವಿಶ್ವವಿದ್ಯಾನಿಲಯದ ಕುಲಪತಿ ಹಚಿನ್ಸ್ ಅವರಿಗೆ ಬರೆದ ಪತ್ರದಲ್ಲಿ, ಸಂಗೀತ, ಧ್ವನಿಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಒಟ್ಟಿಗೆ ನುರಿತ ಧ್ವನಿತಜ್ಞರನ್ನು ತಯಾರು ಮಾಡಬೇಕೆಂದು ಸೂಚಿಸಿದನು. ಮೂರು ವರ್ಷಗಳ ತರುವಾಯ, ೧೯೪೯ರಲ್ಲಿ, ಜರ್ಮನಿಯ ಡೆಟ್ಮೋಲ್ಡ್ ಎಂಬ ಚಿಕ್ಕ ಪಟ್ಟಣದ ಸಂಗೀತ ಅಕಾಡೆಮಿಯಲ್ಲಿ ಎರಿಕ್ ಟೀನ್‌ಹೌಸ್ ಅಂತಹುದೇ ಶಿಕ್ಷಣವನ್ನು ಆರಂಭಿಸಿದನು. ಅಲ್ಲಿನ ವಿದ್ಯಾರ್ಥಿ ಗಣಿತ, ವಿದ್ಯುಚ್ಛಾಸ್ತ್ರ, ಧ್ವನಿಶಾಸ್ತ್ರಗಳ ಜೊತೆಗೆ ವಾದ್ಯವನ್ನು ನುಡಿಸುವುದನ್ನೂ ಸ್ವರಲಿಪಿಯನ್ನು ಓದುವುದನ್ನೂ ಅಭ್ಯಾಸ ಮಾಡಬೇಕು. ಕಿವಿಯನ್ನು ಪಳಗಿಸುವುದೇ ಒಂದು ಪ್ರತ್ಯೇಕ ಪಾಠ. ಈ ವಿದ್ಯೆಯಲ್ಲಿ ತೇರ್ಗಡೆಯಾದವನಿಗೆ ಟೋನ್‌ಮೈಸ್ಟರ್ ಎಂಬ ಹೆಸರು. ನಮ್ಮ ಮೇಸ್ತ್ರಿ ಎಂಬ ಶಬ್ದವು ಪೋರ್ಚುಗೀಸಿನ ಮೂಲಕ ಬಂದ ಅದೇ ಲ್ಯಾಟಿನ್ ಧಾತುವಿನ ಮತ್ತೊಂದು ಕುಡಿಯಾದುದರಿಂದ ಇವನನ್ನು ನಾದದ ಮೇಸ್ತ್ರಿ ಎಂದರೆ ತಪ್ಪಾಗಲಾರದು. ೧೯೭೦ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯವೂ ಇದೇ ಹೆಸರಿನ ಪದವಿ ಶಿಕ್ಷಣವನ್ನು ಕೈಗೊಂಡಿತು.

ಇನ್ನು ನಮ್ಮ ನಾಡಿನ ಕಡೆ ನೋಡೋಣ. ಡೆಟ್ಮೋಲ್ಡಿನ ಶಿಕ್ಷಣಕ್ಕಿಂತ ಆರು ವರ್ಷ ಮೊದಲೇ, ೧೯೪೩ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿಗೆ ಮೂಲವಾದ ಸಂಸ್ಥೆ ತಲೆಯೆತ್ತಿತು. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಛಾಯಾಗ್ರಹಣದ ಡಿಪ್ಲೊಮಾವನ್ನು ಪಡೆದುದು ಇಲ್ಲಿಯೇ. ಧ್ವನಿ ಇಂಜಿನಿಯರಿಂಗಿಗೂ ಇದೇ ಮನೆಯಲ್ಲಿ ಎಡೆ ದೊರೆಯಿತು. ಮುಂದೆ ಈ ಎರಡು ವಿದ್ಯೆಗಳೂ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಹಾಗೂ ದೂರದರ್ಶನ ಸಂಸ್ಥೆಗೆ ಸೇರಿದುವು. ೧೯೬೦ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ ಭಾರತ ಸರ್ಕಾರವು ಸ್ಥಾಪಿಸಿದ ಚಲನಚಿತ್ರ ಸಂಸ್ಥೆಯಲ್ಲಿಯೂ ಧ್ವನಿಯು ಚಿತ್ರದ ಜೊತೆಗಾತಿಯಾಯಿತು. ೧೯೩೪ರಲ್ಲಿ ‘ಸತಿ ಸುಲೋಚನ’ದಿಂದ ಮಾತು ಕಲಿತ ಕನ್ನಡ ಚಿತ್ರರಂಗಕ್ಕೂ ಇತರ ಭಾಷೆಗಳ ಚಿತ್ರರಂಗಗಳಿಗೂ ಕುಶಲಿಗಳು ಬೇಕಾಗಿದ್ದುದರಿಂದ ಇದು ಸಹಜವೇ. ಡೆಟ್ಮೋಲ್ಡಿನಲ್ಲಿ ಈ ವಿದ್ಯೆಯ ನೆರೆಮನೆ ಸಂಗೀತ, ನಮ್ಮಲ್ಲಿ ಛಾಯಾಗ್ರಹಣ.

ಈ ಎರಡು ಮಾರ್ಗಗಳಲ್ಲಿ ಒಂದನ್ನು ಮೇಲೆಂದೂ ಮತ್ತೊಂದನ್ನು ಕೀಳೆಂದೂ ಸಾಧಿಸುವುದು ನಮ್ಮ ಉದ್ದೇಶವಲ್ಲ. ಬಾಲ್ಯದಿಂದ ವಾದ್ಯಾಭ್ಯಾಸ ಮಾಡಿದವರಿಗೆ ಮಾತ್ರ ಡೆಟ್ಮೋಲ್ಡಿನ ಬಾಗಿಲು ಸುಲಭವಾಗಿ ತೆರೆಯುತ್ತದೆ. ಪಾಲಿಟೆಕ್ನಿಕ್ಕಾದರೋ ಅಂತಹ ಅನುಕೂಲವಿಲ್ಲದ ಮನೆಗಳ ಮಕ್ಕಳಿಗೂ ಒಂದು ವೃತ್ತಿಯನ್ನು ಒದಗಿಸಿತು. ಇದು ಅಲ್ಪ ಸೇವೆಯಲ್ಲ. ಅಲ್ಲದೆ ಅಲ್ಲಿನ ಪಠ್ಯಕ್ರಮವನ್ನು ಇದ್ದಂತೆಯೇ ಇಲ್ಲಿಗೆ ತರುವುದೂ ಸಾಧ್ಯವಿಲ್ಲ. ಅವರ ಟೋನ್‌ಮೈಸ್ಟರನಿಗೆ ಬರೆದಿಟ್ಟ ಸ್ವರಲಿಪಿಯೇ ಆಧಾರ. ಮನೋಧರ್ಮವೇ ಪ್ರಧಾನವಾದ ನಮ್ಮ ಕಛೇರಿಯಲ್ಲಿ ಗಾಯಕನು ಮುಂದೆ ಏನು ಹಾಡುವನೆಂಬುದು ಯಾವ ಕಾಗದದಲ್ಲಿಯೂ ಇರುವುದಿಲ್ಲ. ತಂಬೂರಿಯ ಶ್ರುತಿ ಎಷ್ಟು ಕೇಳಬೇಕು, ವೀಣೆಯ ಗಮಕ ಮುಳುಗದಂತೆ ಮೃದಂಗದ ನಾದವನ್ನು ಹೇಗೆ ಹಿಡಿಯಬೇಕು ಎಂಬುದನ್ನು ಕೇಳ್ಮೆಯಿಂದಲೇ ಅರಿಯಬೇಕಾಗಿದೆ. ಆದುದರಿಂದ ಪಳಗಿದ ಕಿವಿಯ ಅಗತ್ಯವು ಇಲ್ಲಿ ಹೆಚ್ಚೇ ಹೊರತು ಕಡಮೆಯಲ್ಲ.

ಇಂದು ಯಂತ್ರಗಳು ಅಗ್ಗವಾಗಿವೆ, ಮುದ್ರಣಗಳು ಅಸಂಖ್ಯಾತವಾಗಿವೆ. ಇವುಗಳಲ್ಲಿ ಉಳಿದು ಬಂದವನ್ನೇ ಮುಂದಿನ ತಲೆಮಾರಿನ ಚರಿತ್ರಕಾರನು ಆಕರವೆಂದು ಕೈಗೆತ್ತಿಕೊಳ್ಳುವನು. ತಾಂತ್ರಿಕ ಶಾಲೆಗೂ ಸಂಗೀತಶಾಲೆಗೂ ನಡುವೆ ಒಂದು ಬಾಗಿಲನ್ನಿಟ್ಟರೆ ಅವನಿಗೆ ನಾವು ಶುದ್ಧವಾದ ಪಾಠವನ್ನು ಒಪ್ಪಿಸಿದಂತಾಗುವುದು.